ಕೋರ್ ಎರಡು ಪಟ್ಟಾದರೆ ಫೋನಿನ ವೇಗವೂ ಎರಡು ಪಟ್ಟಾಗುತ್ತದೆಯೇ?

"ಎಂಟು ಕೋರ್ ಇರುವ ಫೋನ್, ನಾಲ್ಕು ಕೋರ್ ಫೋನಿಗಿಂತ ಎರಡು ಪಟ್ಟು ವೇಗ." ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದನ್ನೇ ನಂಬಿ ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ಫೋನ್ ಕೊಳ್ಳುವವರೂ ಇದ್ದಾರೆ. ಇದು ನಿಜವೇ?

ಉತ್ತರಕ್ಕಾಗಿ ಬೈಯಪ್ಪನಹಳ್ಳಿಯನ್ನು ನೆನಪಿಸಿಕೊಳ್ಳಿ. 2023ರ ಮಾರ್ಚ್ 25ರಂದು ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೊ ಶುರುವಾಯಿತು. ಬೈಯಪ್ಪನಹಳ್ಳಿಯಿಂದ ಮೆಜೆಸ್ಟಿಕ್ ಕಡೆಗೆ ಮೊದಲೇ ರೈಲು ಇತ್ತು. ಆದರೆ ನಡುವಿನ ಸುಮಾರು 2 ಕಿ.ಮೀ. ಸಿದ್ಧವಿರಲಿಲ್ಲ. ಅಕ್ಟೋಬರ್ 9ರಂದು ಅದು ತೆರೆಯುವವರೆಗೂ ಜನ ರೈಲು ಇಳಿದು, ಬಸ್ಸು ಹತ್ತಿ, ಮತ್ತೆ ರೈಲು ಹಿಡಿಯಬೇಕಿತ್ತು. ಎರಡೂ ಕಡೆ ರೈಲು ಹೆಚ್ಚಿಸಿದರೂ ಆ ಪರದಾಟ ತಪ್ಪುತ್ತಿರಲಿಲ್ಲ.

ಫೋನಿನೊಳಗೂ ಇಂಥ ಇಕ್ಕಟ್ಟಿನ ಜಾಗಗಳಿವೆ. ಅವುಗಳಲ್ಲಿ ಒಂದು 'ಲಾಕ್'.

ಏನಿದು ಲಾಕ್?

ಇದು ಸ್ಕ್ರೀನ್ ಲಾಕ್ ಅಲ್ಲ. ಆಂಡ್ರಾಯ್ಡ್‌ನ ತಳದಲ್ಲಿರುವುದು ಲಿನಕ್ಸ್ ಕರ್ನೆಲ್. ಯಾವ ಆ್ಯಪ್‌ಗೆ ಎಷ್ಟು ಮೆಮೊರಿ ಕೊಡಬೇಕು ಎಂಬ ಲೆಕ್ಕ ಇಡುವುದು ಅದೇ. ಎರಡು ಕೋರ್‌ಗಳು ಒಂದೇ ಲೆಕ್ಕವನ್ನು ಒಟ್ಟಿಗೆ ತಿದ್ದಿದರೆ ಲೆಕ್ಕ ಕೆಡುತ್ತದೆ. ಹಾಗಾಗಿ ಒಂದು ಕೋರ್ ತಿದ್ದುವಾಗ ಬೀಗ ಹಾಕಿಕೊಳ್ಳುತ್ತದೆ, ಅದೇ ಲೆಕ್ಕ ಬೇಕಾದ ಉಳಿದವು ಕಾಯುತ್ತವೆ. ಕೋರ್ ಹೆಚ್ಚಾದಷ್ಟೂ ಕಾಯುವವರು ಹೆಚ್ಚು.

ಸರದಿ ಕಾಯಲು ಲಿನಕ್ಸ್ 2008ರಲ್ಲಿ ಬ್ಯಾಂಕಿನ ಟೋಕನ್‌ನಂಥ ಕ್ರಮ ತಂದಿತು. ಆದರೆ ಎಲ್ಲರೂ ಒಂದೇ ಬೋರ್ಡ್ ನೋಡುತ್ತ ನಿಲ್ಲಬೇಕಿತ್ತು. ಪ್ರತಿಯೊಬ್ಬರೂ ತಮ್ಮ ಹಿಂದಿನವರನ್ನಷ್ಟೇ ಕರೆಯುವ ಕ್ರಮ ಇದಕ್ಕಿಂತ ಚುರುಕು, ಆದರೆ ಅದಕ್ಕೆ ಜಾಗ ಹೆಚ್ಚು ಬೇಕು. 2015ರಲ್ಲಿ ಲಿನಕ್ಸ್ 4.2 ಈ ಕ್ರಮವನ್ನೂ ಕೇವಲ 4 ಬೈಟ್‌ನ ಬೀಗಕ್ಕೆ ಹೊಂದಿಸಿತು.

ನಾಲ್ಕು ಬೈಟ್‌ಗೆ ಯಾಕಿಷ್ಟು ಒದ್ದಾಟ?

ಕರ್ನೆಲ್ ಮೆಮೊರಿಯನ್ನು ಸಾಮಾನ್ಯವಾಗಿ 4 ಕಿಲೋಬೈಟ್‌ನ ಪುಟಗಳಾಗಿ ವಿಂಗಡಿಸುತ್ತದೆ. ಪ್ರತಿ ಪುಟಕ್ಕೂ 64 ಬೈಟ್‌ನ ಒಂದು ಚೀಟಿ ಇರುತ್ತದೆ. 8 ಜಿಬಿ ರ್‍ಯಾಮ್ ಎಂದರೆ ಸುಮಾರು 21 ಲಕ್ಷ ಪುಟಗಳು. ಚೀಟಿಗಳಿಗೇ 128 ಎಂಬಿ ಬೇಕು! ಬೀಗ ದೊಡ್ಡದಾಗಿ ಪ್ರತಿ ಚೀಟಿ 8 ಬೈಟ್ ಹಿಗ್ಗಿದರೂ ಇನ್ನೂ 16 ಎಂಬಿ ಹೋಗುತ್ತದೆ.

ಇನ್ನೊಂದು ತೊಂದರೆಯೂ ಇದೆ. ಪ್ರೊಸೆಸರ್ ಮೆಮೊರಿಯಿಂದ ಒಂದೊಂದೇ ಬೈಟ್ ತರುವುದಿಲ್ಲ, ಸಾಮಾನ್ಯವಾಗಿ 64 ಬೈಟ್‌ನ ಒಂದು ಸಾಲನ್ನೇ ತರುತ್ತದೆ. 64 ಬೈಟ್‌ನ ಚೀಟಿ ಒಂದು ಸಾಲಿನಲ್ಲಿ ಸರಿಯಾಗಿ ಕೂರುತ್ತದೆ. 72 ಬೈಟ್ ಆದರೆ ಎರಡು ಸಾಲು ತರಬೇಕು. ಸಂಬಂಧವೇ ಇಲ್ಲದ ಎರಡು ಲೆಕ್ಕಗಳು ಒಂದೇ ಸಾಲಿನಲ್ಲಿದ್ದರೂ ಕಷ್ಟ: ಒಂದು ಕೋರ್ ತನ್ನ ಲೆಕ್ಕ ತಿದ್ದಿದಾಗಲೆಲ್ಲ ಇನ್ನೊಂದು ಕೋರ್ ಆ ಸಾಲನ್ನು ಮತ್ತೆ ತರಿಸಿಕೊಳ್ಳಬೇಕು.

ಹೀಗೆ ಲೆಕ್ಕಗಳನ್ನು ಸರಿಯಾದ ಗಡಿಯಲ್ಲಿ ಕೂರಿಸುವುದೇ ಮೆಮೊರಿ ಅಲೈನ್‌ಮೆಂಟ್. ಜೋಡಿಸುವ ಕ್ರಮದಿಂದಲೇ ಜಾಗ ಉಳಿಯುತ್ತದೆ. 1, 8, 1 ಬೈಟ್‌ನ ಮೂರು ಅಂಶಗಳನ್ನು ಇದೇ ಕ್ರಮದಲ್ಲಿಟ್ಟರೆ ಸಾಮಾನ್ಯವಾಗಿ 24 ಬೈಟ್ ಬೇಕು. 8, 1, 1 ಎಂದು ಇಟ್ಟರೆ 16 ಸಾಕು. ಪೆಟ್ಟಿಗೆಯಲ್ಲಿ ದೊಡ್ಡ ಪಾತ್ರೆ ಮೊದಲು ಇಟ್ಟ ಹಾಗೆ.

ಬೆಂಗಳೂರಿನ ಪಾಲು

2013ರಲ್ಲಿ ಲಿನಕ್ಸ್ 3.12ಕ್ಕೆ ಸೇರಿದ ಒಂದು ಸುಧಾರಣೆಯಲ್ಲಿ ಬೆಂಗಳೂರಿನ ಐಬಿಎಂ ಎಂಜಿನಿಯರ್‌ಗಳೂ ದುಡಿದಿದ್ದರು. ಒಂದೇ ಸರ್ವರ್‌ನಲ್ಲಿ ಹಲವು ವರ್ಚುಯಲ್ ಯಂತ್ರಗಳು ಓಡುವಾಗ ಬೀಗಕ್ಕಾಗಿ ವ್ಯರ್ಥವಾಗಿ ಕಾಯುವುದನ್ನು ತಗ್ಗಿಸಲು, ಟೋಕನ್‌ನ ಒಂದೇ ಒಂದು ಬಿಟ್ ಅನ್ನು ಗುರುತಾಗಿ ಬಳಸಲಾಯಿತು. ಅಷ್ಟಕ್ಕೇ, ಚಿಕ್ಕ ಟೋಕನ್‌ಗೆ ಸಿಗುವ ಸಂಖ್ಯೆಗಳು 256ರಿಂದ 128ಕ್ಕೆ ಇಳಿದವು. ಒಂದು ಬಿಟ್‌ಗೂ ಇಲ್ಲಿ ಅಷ್ಟು ಬೆಲೆ!

ಹಾಗಾದರೆ ಫಾರ್ವರ್ಡ್ ಸುಳ್ಳೇ?

ಅರ್ಧ ಸತ್ಯ. ಹೆಚ್ಚು ಕೋರ್‌ನಿಂದ ಉಪಯೋಗ ಖಂಡಿತ ಇದೆ. ಆದರೆ ಕೋರ್ ಎರಡು ಪಟ್ಟಾದರೆ ವೇಗವೂ ಎರಡು ಪಟ್ಟು ಎನ್ನುವುದು ತಪ್ಪು. ಅನೇಕ ಫೋನುಗಳಲ್ಲಿ ಎಲ್ಲ ಕೋರ್‌ಗಳೂ ಸಮಬಲದವಲ್ಲ, ಎಲ್ಲ ಕೆಲಸವನ್ನೂ ಹಂಚಲು ಬರುವುದಿಲ್ಲ, ಹಂಚಿದರೂ ಬೀಗದ ಮುಂದೆ ಸರದಿ ತಪ್ಪುವುದಿಲ್ಲ. ಆದ್ದರಿಂದ ಡಬ್ಬದ ಮೇಲಿನ ಸಂಖ್ಯೆ ನೋಡಿ ದುಡ್ಡು ಕೊಡಬೇಡಿ. ನೀವು ದಿನಾ ಬಳಸುವ ಆ್ಯಪ್‌ಗಳನ್ನು ಅಂಗಡಿಯಲ್ಲೇ ತೆರೆದು ನೋಡಿ, ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆ ಎಂದು ಕೇಳಿ. ಮುಂದಿನ ಸಲ ಆ ಸಂದೇಶ ಬಂದಾಗ, ಫಾರ್ವರ್ಡ್ ಮಾಡುವ ಮುನ್ನ ಬೈಯಪ್ಪನಹಳ್ಳಿಯ ಆ 2 ಕಿ.ಮೀ. ನೆನಪಿರಲಿ.