ಉಪ್ಪು ಬಿಟ್ಟ ಮನೆಗೆ ಬಿಸಿಲೇ ಆಸರೆ

ತಾರಸಿ ತೋಟದ ತರಕಾರಿಗೆ ಒಂದು ಸ್ವಭಾವ ಇದೆ. ಬೇಕು ಅಂದಾಗ ಬರಲ್ಲ, ಬರೋಕೆ ಶುರುವಾದ್ರೆ ನಿಲ್ಲಲ್ಲ. ಹಾಗಲ ಬಳ್ಳಿ ಎರಡು ತಿಂಗಳು ಬರೀ ಎಲೆ ಬಿಟ್ಕೊಂಡು ನಮ್ಮ ತಾಳ್ಮೆ ಪರೀಕ್ಷೆ ಮಾಡುತ್ತೆ, ಆಮೇಲೆ ಒಂದೇ ವಾರದಲ್ಲಿ ಹತ್ತು ಹನ್ನೆರಡು ಕಾಯಿ. ಟೊಮೇಟೊ ಕೂಡ ಅಷ್ಟೇ, ಎಲ್ಲ ಒಟ್ಟಿಗೆ ಕೆಂಪಾಗುತ್ತೆ. ಮೆಣಸಿನ ಗಿಡ ಮಾತ್ರ ದಿನಾ ಒಂದು ಹಿಡಿ ಕೊಡುತ್ತೆ, ಆದ್ರೆ ಮೂರು ಜನರ ಮನೆಗೆ ಅದೂ ಜಾಸ್ತಿನೇ. ವಾರವಿಡೀ ಹಾಗಲಕಾಯಿ ಗೊಜ್ಜು ತಿನ್ನೋಕೆ ಯಾರಿಗಾಗುತ್ತೆ ಹೇಳಿ?

ಮುಂಚೆ ಇದಕ್ಕೆಲ್ಲ ಅಮ್ಮನ ಹತ್ತಿರ ಒಂದೇ ಉತ್ತರ ಇತ್ತು: ಉಪ್ಪು. ಮೆಣಸಿನಕಾಯಿ ಮಿಕ್ಕಿತಾ, ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಬಾಳಕ. ಗೋರಿಕಾಯಿ ಬಲಿತಾ, ಉಪ್ಪು ನೀರಲ್ಲಿ ಬೇಯಿಸಿ ಒಣಗಿಸು. ನಿಂಬೆಹಣ್ಣಂತೂ ಸೀದಾ ಜಾಡಿಗೆ. ನಮ್ಮ ಬಾಡಿಗೆ ಮನೆ ಅಡುಗೆಮನೆಯ ಮೇಲಿನ ಸಾಲು ಪೂರ್ತಿ ಅಮ್ಮನ ಜಾಡಿಗಳದ್ದೇ ಆಗಿತ್ತು.

ಹೋದ ವರ್ಷ ಡಾಕ್ಟರ್ ಬಿಪಿ ನೋಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮೂರಕ್ಕೂ ಗೆರೆ ಎಳೆದ್ರು. ಅಮ್ಮ ಒಂದೂ ಮಾತಾಡಲಿಲ್ಲ. ಮನೆಗೆ ಬಂದು ಜಾಡಿಗಳನ್ನೆಲ್ಲ ಅಕ್ಕಪಕ್ಕದವರಿಗೆ ಹಂಚಿದ್ರು. ಆಮೇಲೆ ಮೊಸರನ್ನ ಅರ್ಧ ತಟ್ಟೆಗೇ ಸಾಕು ಅನ್ನೋಕೆ ಶುರುಮಾಡಿದ್ರು. ನನಗೆ ಅದಕ್ಕಿಂತ ಹೆದರಿಕೆ ಆಗಿದ್ದು ಬೇರೆ ವಿಷಯಕ್ಕೆ. ಬೆಳಿಗ್ಗೆ ಎದ್ದ ತಕ್ಷಣ ತಾರಸಿಗೆ ಹೋಗ್ತಿದ್ದವರು ಹೋಗೋದನ್ನೇ ನಿಲ್ಲಿಸಿಬಿಟ್ರು. ಕೇಳಿದ್ರೆ, "ಬೆಳೆದು ಏನ್ ಮಾಡೋದು ಕಣೇ? ಎತ್ತಿಡೋಕೆ ಆಗಲ್ಲ, ತಿನ್ನೋಕೆ ಆಗಲ್ಲ" ಅಂದ್ರು. ಅರವತ್ತೆಂಟರ ಮನುಷ್ಯರಿಗೆ ಬೆಳಿಗ್ಗೆ ಎದ್ದು ನೋಡೋಕೆ ಏನಾದ್ರೂ ಇರಬೇಕಲ್ವಾ?

ಮೊದಲು ಲೆಕ್ಕ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದ್ರೆ ಒಂದು ಟೀ ಚಮಚಕ್ಕೂ ಕಡಿಮೆ. ನಮ್ಮ ಕಡೆ ವರ್ಷ ಇಡೋ ಉಪ್ಪಿನಕಾಯಿಗೆ ಒಂದು ಕಿಲೋ ಕಾಯಿಗೆ 150ರಿಂದ 200 ಗ್ರಾಂ ಉಪ್ಪು ಬೀಳುತ್ತೆ. ಊಟಕ್ಕೊಂದು ದೊಡ್ಡ ಚಮಚ ಬಡಿಸ್ಕೊಂಡ್ರೆ ಅದರಲ್ಲೇ ಎರಡು ಗ್ರಾಂ ಹತ್ತಿರ ಹೋಯ್ತು. ಎರಡು ಹೊತ್ತಿನ ಊಟ, ಜೊತೆಗೆ ಸಾರು, ಪಲ್ಯದ ಉಪ್ಪು ಸೇರಿಸಿ ನೋಡಿ. ಡಾಕ್ಟರ್ ಸುಮ್ನೆ ಹೇಳಿದ್ದಲ್ಲ.

ಹಾಗಾದ್ರೆ ಅರ್ಧ ಉಪ್ಪು ಹಾಕಿ ಅದೇ ಉಪ್ಪಿನಕಾಯಿ ಮಾಡಿದ್ರಾಯ್ತು ಅಂತ ಚಿಕ್ಕಮ್ಮ ಫೋನಲ್ಲಿ ಹೇಳಿದ್ರು. ನಿಮ್ಮ ಮನೆಯಲ್ಲೂ ಯಾರಾದ್ರೂ ಹೇಳಿರ್ತಾರೆ. ದಯವಿಟ್ಟು ಬೇಡ. ಜಾಡಿಯಲ್ಲಿ ಉಪ್ಪು ಇರೋದು ರುಚಿಗೆ ಮಾತ್ರ ಅಲ್ಲ, ಅದು ಅಲ್ಲಿ ಕಾವಲುಗಾರ. ಕಾಯಿಯ ನೀರನ್ನ ಎಳೆದು, ಕೆಡಿಸೋ ಸೂಕ್ಷ್ಮಜೀವಿಗಳಿಗೆ ನೀರು ಸಿಗದ ಹಾಗೆ ಮಾಡೋದು ಅದೇ. ಅರ್ಧಕ್ಕೆ ಇಳಿಸಿ ಹೊರಗಿಟ್ರೆ ಬೂಷ್ಟು ಹಿಡಿಯುತ್ತೆ. ಉಪ್ಪು ಕಡಿಮೆ ಬೇಕು ಅಂದ್ರೆ ಒಂದು ಬಟ್ಟಲಷ್ಟೇ ಮಾಡಿ, ಫ್ರಿಜ್ಜಲ್ಲಿಟ್ಟು, ನಾಲ್ಕೈದು ದಿನದಲ್ಲಿ ಮುಗಿಸಿ. ಅಂಗಡಿಯಲ್ಲಿ ಸಿಗೋ 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತೆ. ಕಿಡ್ನಿ ತೊಂದರೆ ಇರೋರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳೋರಿಗೆ ಅದು ಆಗಿಬರಲ್ಲ. ಡಾಕ್ಟರನ್ನ ಕೇಳದೆ ತರಬೇಡಿ.

ಹಳೇ ಅಡುಗೆಮನೆ ತರಕಾರಿ ಕಾಯ್ತಿದ್ದುದು ಉಪ್ಪು, ಹುಳಿ, ಬಿಸಿಲು ಈ ಮೂರರಿಂದ. ಒಂದನ್ನ ತೆಗೆದ್ರೆ ಉಳಿದ ಎರಡರ ಮೇಲೆ ಭಾರ ಹಾಕಬೇಕು. ನಾನು ಭಾರ ಹಾಕಿದ್ದು ಬಿಸಿಲಿನ ಮೇಲೆ.

ಹಾಗಲಕಾಯಿಂದ ಶುರುಮಾಡಿದ್ವಿ. ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಬಿಲ್ಲೆ ಹೆಚ್ಚಿ, ಬಲಿತ ಬೀಜ ತೆಗೆದು, ಇಡ್ಲಿ ಪಾತ್ರೆಯಲ್ಲಿ ಎರಡು ಮೂರು ನಿಮಿಷ ಮಾತ್ರ ಹಬೆ. ಬೇಯಬಾರದು, ಬಣ್ಣ ಹೊಳೆದ್ರೆ ಸಾಕು. ಈ ಹಬೆ ಬಿಟ್ರೆ ಡಬ್ಬಿಯಲ್ಲಿಟ್ಟ ಮೇಲೆ ಬಣ್ಣ, ವಾಸನೆ ಎರಡೂ ಕೆಡುತ್ತೆ. ಆಮೇಲೆ ಹುಣಸೆ ನೀರಲ್ಲಿ ಹತ್ತು ನಿಮಿಷ ಅದ್ದಿ, ಬಸಿದು, ಮೊರದ ಮೇಲೆ ಹರಡಿ, ತೆಳು ಪಂಚೆ ಮುಚ್ಚಿ ಬಿಸಿಲಿಗೆ. ಸಂಜೆ ಒಳಗೆ ತರಲೇಬೇಕು, ಇಬ್ಬನಿಗೆ ಬಿಟ್ರೆ ಹಗಲಿನ ಕೆಲಸ ಎಲ್ಲ ವಾಪಸ್. ಒಳ್ಳೆ ಬಿಸಿಲಿದ್ರೆ ಎರಡು ಮೂರು ದಿನ. ಮುರಿದ್ರೆ ಪಟ್ ಅನ್ನಬೇಕು, ಬಾಗಿದ್ರೆ ಇನ್ನೊಂದು ದಿನ. ಒಂದು ಕಿಲೋ ಕಾಯಿ ಒಣಗಿ ನೂರು ಗ್ರಾಂ ಆಸುಪಾಸು ಆಗುತ್ತೆ. ನಿರಾಸೆ ಬೇಡ, ಹಾಗಲದಲ್ಲಿ ತೊಂಬತ್ತು ಭಾಗ ನೀರೇ.

ಒಣಗಿದ್ದನ್ನ ಮೊದಲ ವಾರ ಗಾಜಿನ ಬಾಟಲಿಯಲ್ಲಿ ಮುಕ್ಕಾಲು ತುಂಬಿಸಿ, ದಿನಾ ಒಂದ್ಸಲ ಅಲ್ಲಾಡಿಸಿ ನೋಡಿ. ಗಾಜಿನ ಒಳಗೆ ಹನಿ ಕಂಡ್ರೆ ಮತ್ತೆ ಬಿಸಿಲಿಗೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಆ ಹನಿ ಕಾಣಲ್ಲ, ಅದಕ್ಕೇ ಗಾಜು.

ಬಾಳಕದ ಮೆಣಸಿನಕಾಯಿ ಬಗ್ಗೆ ಮನೆಯಲ್ಲಿ ಒಂದು ವಾರ ವಾದ ನಡೀತು. ಉಪ್ಪಿಲ್ಲದ ಬಾಳಕ ಬಾಳಕವೇ ಅಲ್ಲ ಅಂತ ಅಮ್ಮ. ನಿಜಾನೇ. ಆದ್ರೆ ಯೋಚಿಸಿ ನೋಡಿ, ಅದು ಕೊನೆಗೆ ಗರಿಗರಿಯಾಗಿ ಒಣಗೋ ಪದಾರ್ಥ. ಒಣಗಿದ ಮೇಲೆ ಕಾಯೋದು ಬಿಸಿಲು. ಉಪ್ಪಿನ ಕೆಲಸ ಇರೋದು ಮೆಣಸಿನಕಾಯಿ ಮಜ್ಜಿಗೆಯಲ್ಲಿ ನೆನೆಯೋ ಆ ನಾಲ್ಕೈದು ರಾತ್ರಿ. ಆ ರಾತ್ರಿಗಳನ್ನ ಫ್ರಿಜ್ಜಲ್ಲಿ ಕಳೆದ್ರೆ? ಚೆನ್ನಾಗಿ ಹುಳಿ ಬಂದ ಮಜ್ಜಿಗೆ, ಹಳೇ ಅಳತೆಯ ಕಾಲು ಭಾಗ ಉಪ್ಪು, ರಾತ್ರಿ ಫ್ರಿಜ್ಜು, ಹಗಲು ಬಿಸಿಲು. ಸಂಜೆ ಮತ್ತೆ ಅದೇ ಮಜ್ಜಿಗೆಗೆ, ಮಜ್ಜಿಗೆ ಪೂರ್ತಿ ಹೀರೋವರೆಗೆ. ಅಮ್ಮ ಉಪ್ಪಿನ ಜಾಗಕ್ಕೆ ಹುರಿದ ಮೆಂತ್ಯದ ಪುಡಿ, ಇಂಗು ಸೇರಿಸಿದ್ರು. ಅದು ಅವರ ತಲೆಯಿಂದ ಬಂದಿದ್ದು, ನನಗೆ ಹೊಳೀತಿರಲಿಲ್ಲ. ಕರಿದ ಒಂದು ಮೆಣಸಿನಕಾಯಿಗೆ ಮೊಸರನ್ನದ ತಟ್ಟೆ ಪೂರ್ತಿ ಖಾಲಿಯಾಯ್ತು. ಒಂದೇ ಒಂದು, ಅಷ್ಟೇ ಅನ್ನೋದು ನಮ್ಮಿಬ್ಬರ ಒಪ್ಪಂದ.

ಟೊಮೇಟೊಗೆ ನಾನು ಜಾಸ್ತಿ ತಲೆ ಕೆಡಿಸ್ಕೊಳ್ಳಲ್ಲ. ಬೇಯಿಸಿ, ಸೋಸಿ, ಗಟ್ಟಿ ಮಾಡಿ, ಐಸ್ ಟ್ರೇಯಲ್ಲಿ ಹಾಕಿ ಫ್ರೀಜರ್. ಸಾರಿಗೆ ಎರಡು ತುಂಡು ಹಾಕಿದ್ರೆ ಆಯ್ತು.

ಆದ್ರೆ ರೀಲ್ಸ್ ನೋಡಿ ಬೀನ್ಸ್, ಕ್ಯಾರೆಟ್ಟು ನೀರಿನ ಜೊತೆ ಬಾಟಲಿಗೆ ಹಾಕಿ, ಕುದಿಸಿ, ಮುಚ್ಚಿ ಕಪಾಟಲ್ಲಿ ಇಡೋ ಆಸೆ ಬಂದಿದ್ರೆ ಇಲ್ಲೇ ಬಿಟ್ಟುಬಿಡಿ. ಬೊಟುಲಿಸಂ ತರೋ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯೋ ನೀರಿಗೆ ಸಾಯಲ್ಲ. ಹುಳಿ ಇಲ್ಲದ, ಗಾಳಿ ಇಲ್ಲದ ಬಾಟಲಿ ಅವಕ್ಕೆ ಹೇಳಿ ಮಾಡಿಸಿದ ಮನೆ. ಅವನ್ನ ಕೊಲ್ಲೋಕೆ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸೋ ಕಾರ್ಖಾನೆ ಶಿಸ್ತು ಬೇಕು. ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಮುಳುಗಿಸಿ ಹೊರಗಿಡೋದೂ ಇದೇ ಅಪಾಯ. ನೋಡೋಕೆ ಚೆಂದ ಇರುತ್ತೆ, ಒಪ್ತೀನಿ.

ಇಷ್ಟೆಲ್ಲ ಮಾಡಿದ ಮೇಲೆ ನಮ್ಮ ತೋಟದ ಕ್ಯಾಲೆಂಡರೇ ತಿರುಗಿಬಿಡ್ತು. ಬೆಂಗಳೂರಿನಲ್ಲಿ ಆಗಸ್ಟಿಂದ ಅಕ್ಟೋಬರ್‌ವರೆಗೆ ಬಿಸಿಲನ್ನ ನಂಬಿ ಮೊರ ಇಡೋ ಹಾಗಿಲ್ಲ. ಮಳೆಗಾಲದ ಹಾಗಲ ಒಂದೇ ಬಳ್ಳಿ ಸಾಕು, ಅವತ್ತವತ್ತಿನ ಅಡುಗೆಗೆ. ಒಣಗಿಸೋಕೆ ಅಂತ ಬೀಜ ಊರೋದು ಜನವರಿ ಕೊನೆಗೆ. ಆಗ ಕಾಯಿ ಬರೋದು ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ. ಆ ತಾರಸಿ ಬಿಸಿಲಿಗೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ, ಹಾಗಲದ ಬಿಲ್ಲೆಗೆ ಬೇಕಾಗಿರೋದೂ ಅದೇ. ಮೆಣಸಿನ ಸಸಿ ನವೆಂಬರ್, ಡಿಸೆಂಬರ್‌ನಲ್ಲಿ ನೆಟ್ರೆ ಬೇಸಿಗೆಗೆ ತುಂಬಿ ಬರುತ್ತೆ. ಹಾಗಲದ ಹೀಚಿಗೆ ಪೇಪರ್ ಕವರ್ ಕಟ್ಟೋದು ಮರೀಬೇಡಿ. ಹಣ್ಣುನೊಣ ಕಾಯಿ ಒಳಗೆ ಮೊಟ್ಟೆ ಇಟ್ರೆ ಒಣಗಿಸೋಕೆ ಏನೂ ಉಳಿಯಲ್ಲ.

ಕವರ್ ಕಟ್ಟೋ ಕೆಲಸ ಈಗ ಅಮ್ಮಂದು. ಮಂಡಿ ನೋವು ಅಂತ ಎರಡನೇ ಮಹಡಿಯ ಮೆಟ್ಟಿಲಲ್ಲಿ ಒಂದು ನಿಮಿಷ ಕೂತ್ಕೋತಾರೆ, ಆದ್ರೆ ಹತ್ತುತ್ತಾರೆ. ಹೋದ ತಿಂಗಳು ಬಿಪಿ ನೋಡಿದ ಡಾಕ್ಟರ್ ಮಾತ್ರೆ ಬದಲಿಸಲಿಲ್ಲ, ಹೀಗೇ ಮುಂದುವರಿಸಿ ಅಂದ್ರು. ನಿನ್ನೆ ಆಫೀಸ್ ಕಾಲ್ ಮಧ್ಯೆ ಕರೆದು, "ಆ ಗುಲಾಬಿ ಕುಂಡ ಖಾಲಿ ಮಾಡೇ, ಗೋರಿಕಾಯಿ ಹಾಕ್ಬೇಕು" ಅಂದ್ರು. ಗುಲಾಬಿ ನಂದು. ಇನ್ನೂ ಮಾತುಕತೆ ನಡೀತಿದೆ.