ವಿಳಾಸ ಪಟ್ಟಿ ಯಾರ ಸೊತ್ತು?

ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನಂಥ ಊರಿನಲ್ಲಿ ಮದುವೆ ಗೊತ್ತಾದರೆ ಹಿರಿಯರು ಕುಳಿತು ಕರೆಯಬೇಕಾದವರ ಪಟ್ಟಿ ಮಾಡುತ್ತಾರೆ. ಯಾರ ಮನೆಗೆ ಖುದ್ದಾಗಿ ಹೋಗಬೇಕು, ಯಾರಿಗೆ ಅಂಚೆಯಲ್ಲಿ ಕಳುಹಿಸಿದರೆ ಸಾಕು ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಲಗ್ನಪತ್ರಿಕೆ ಅಚ್ಚು ಹಾಕುವವನ ಕೈಗೇ ಪಟ್ಟಿ ಕೊಟ್ಟು ‘ಎಲ್ಲರನ್ನೂ ನೀನೇ ಕರೆದುಬಿಡು’ ಎಂದು ಯಾರೂ ಹೇಳುವುದಿಲ್ಲ.

ಅದೇ ಊರಿನ ಹುಡುಗಿಯೊಬ್ಬಳು ಪದವಿ ಮುಗಿಸಿ, ಕೆಲಸ ಹುಡುಕಲು ಲಿಂಕ್ಡ್‌ಇನ್ ತಾಣಕ್ಕೆ ಸೇರಿದಳೆನ್ನಿ. ಅವಳ ಇ-ಮೇಲ್‌ನಲ್ಲಿರುವ ವಿಳಾಸಗಳನ್ನೆಲ್ಲ ತಂದುಕೊಳ್ಳುವ ಸೌಲಭ್ಯ ಅಲ್ಲಿದೆ. ಒಂದೆರಡು ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಆದರೆ ಆ ಪಟ್ಟಿಯಲ್ಲಿ ಪಾಠ ಹೇಳಿದ ಗುರುಗಳಿರುವಂತೆ ಒಮ್ಮೆ ಪತ್ರ ಬರೆದ ಆಸ್ಪತ್ರೆ, ಬ್ಯಾಂಕು, ಹಾಸ್ಟೆಲ್ ಕಚೇರಿಗಳೂ ಇರುತ್ತವೆ!

ಇಲ್ಲಿ ನಡೆಯುವ ಕ್ರಿಯೆಗಳು ಎರಡು. ಮೊದಲನೆಯದು, ತಂದ ವಿಳಾಸಗಳನ್ನು ತಾಣದ ಸದಸ್ಯರ ವಿಳಾಸಗಳೊಂದಿಗೆ ಹೋಲಿಸಿ ಪರಿಚಿತರನ್ನು ಗುರುತಿಸುವುದು. ಎರಡನೆಯದು, ಅವರಿಗೂ ಸದಸ್ಯರಲ್ಲದವರಿಗೂ ಆಹ್ವಾನ ಕಳುಹಿಸುವುದು. ಅವಸರದಲ್ಲಿ ಎರಡೂ ಒಂದೇ ಎಂದು ತಿಳಿದರೆ ತೊಂದರೆ.

ಇದು ಬರಿಯ ಊಹೆಯಲ್ಲ. 2013ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಬಳಕೆದಾರರು ಲಿಂಕ್ಡ್‌ಇನ್ ವಿರುದ್ಧ ನ್ಯಾಯಾಲಯಕ್ಕೆ ಹೋದರು. ತಮ್ಮ ಪರಿಚಿತರಿಗೆ ತಮ್ಮ ಹೆಸರಿನಲ್ಲೇ ಆಹ್ವಾನ ಹೋಯಿತು, ಉತ್ತರ ಬಾರದಿದ್ದಾಗ ಮತ್ತೆರಡು ಸಲ ನೆನಪೋಲೆಗಳೂ ಹೋದವು ಎಂಬುದು ಅವರ ದೂರು. ಮೊದಲ ಆಹ್ವಾನಕ್ಕೆ ಬಳಕೆದಾರರ ಒಪ್ಪಿಗೆಯಿತ್ತು, ನೆನಪೋಲೆಗಳಿಗೆ ಇರಲಿಲ್ಲ ಎಂಬ ನೆಲೆಯಲ್ಲಿ ನ್ಯಾಯಾಧೀಶೆ ಲೂಸಿ ಕೋ 2014ರಲ್ಲಿ ಮೊಕದ್ದಮೆ ಮುಂದುವರಿಯಲು ಬಿಟ್ಟರು. ಸಂಸ್ಥೆಯು ತಪ್ಪನ್ನು ಒಪ್ಪಿಕೊಳ್ಳದೆ, 2015ರಲ್ಲಿ 1.3 ಕೋಟಿ ಡಾಲರ್ ಕೊಡುವ ರಾಜಿಗೆ ಬಂತು.

ಹಾಗಾದರೆ ಪರಿಚಿತರನ್ನು ಸೇರಿಸಿಕೊಳ್ಳುವುದೇ ಬೇಡವೇ? ಖಂಡಿತ ಬೇಕು. ಕೆಲಸದ ಸುದ್ದಿ ಆಪ್ತ ಗೆಳೆಯರಿಗಿಂತ ದೂರದ ಪರಿಚಿತರಿಂದ ಬರುವುದೇ ಹೆಚ್ಚು ಎಂದು ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ವಾದಿಸಿದರು. ಕಾರಣ ಸರಳ. ಆಪ್ತರಿಗೆ ತಿಳಿದಿರುವುದು ಬಹುಪಾಲು ನಮಗೂ ತಿಳಿದಿರುತ್ತದೆ. ಹೊಸ ಸುದ್ದಿ ಬರುವುದು ಹೊರವಲಯದಿಂದ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಸದಸ್ಯರ ಮಾಹಿತಿಯನ್ನು ಪರಿಶೀಲಿಸಿತು. ತೀರ ಹತ್ತಿರವೂ ಅಲ್ಲದ, ತೀರ ದೂರವೂ ಅಲ್ಲದ ಪರಿಚಯವೇ ಕೆಲಸ ಬದಲಿಸಲು ಹೆಚ್ಚು ನೆರವಾಗುತ್ತದೆ ಎಂದು ಅದು ತೋರಿಸಿತು. ಹಳ್ಳಿಯಿಂದ ಬಂದ, ನಗರದಲ್ಲಿ ನೆಂಟರಿಲ್ಲದ ವಿದ್ಯಾರ್ಥಿಗೆ ಇಂಥ ಪರಿಚಯ ದೊಡ್ಡ ಆಸ್ತಿ. ಆದ್ದರಿಂದಲೇ ಅದನ್ನು ಕೆಡಿಸಿಕೊಳ್ಳಬಾರದು. ಗುರುಗಳಿಗೆ ಮೂರು ಸಲ ಒಕ್ಕಣೆಯಿಲ್ಲದ ಕರೆ ಹೋದರೆ ಮುಜುಗರಪಡುವವಳು ವಿದ್ಯಾರ್ಥಿನಿಯೇ ಹೊರತು ಯಂತ್ರವಲ್ಲ.

ಸರಿಯಾದ ಕ್ರಮ ಕಷ್ಟವೇನಲ್ಲ. ಮೊದಲು ಪ್ರೊಫೈಲ್ ಪೂರ್ಣಗೊಳಿಸಬೇಕು. ಪಟ್ಟಿ ತಂದ ಮೇಲೆ ‘ಎಲ್ಲರೂ’ ಎಂಬ ಗುರುತನ್ನು ತೆಗೆದು, ಬೇಕಾದವರನ್ನಷ್ಟೇ ಒಬ್ಬೊಬ್ಬರಾಗಿ ಆರಿಸಬೇಕು. ತಾನು ಯಾರು, ಪರಿಚಯ ಹೇಗೆ ಎಂದು ಎರಡು ಸಾಲು ಬರೆಯಬೇಕು. ತಂದ ವಿಳಾಸಗಳನ್ನು ಸೆಟ್ಟಿಂಗ್ಸ್‌ನಲ್ಲಿ ಅಳಿಸಿಹಾಕಲು ಅವಕಾಶವಿದೆ. ಮೊಬೈಲಿನ ಪಟ್ಟಿಗೆ ಅನುಮತಿ ಕೊಟ್ಟಿದ್ದರೆ ಮುಂದೆ ಸೇರುವ ಹೆಸರುಗಳೂ ಹೋಗುತ್ತಿರುತ್ತವೆ, ಅದನ್ನೂ ನಿಲ್ಲಿಸಬಹುದು. ಇ-ಮೇಲ್‌ನ ಪಾಸ್‌ವರ್ಡನ್ನು ಬೇರೆ ಯಾವ ತಾಣಕ್ಕೂ ಕೊಡಬಾರದು. ಈ ತಾಣಕ್ಕೆ ಸೇರಲು 16 ವರ್ಷ ತುಂಬಿರಬೇಕೆಂಬುದನ್ನು ತಂದೆತಾಯಿಗಳು ಮರೆಯಬಾರದು.

ವಿಳಾಸ ಪಟ್ಟಿ ನಮ್ಮ ಬಳಿ ಇರಬಹುದು. ಅದರಲ್ಲಿರುವ ವಿಳಾಸಗಳು ಮಾತ್ರ ಬೇರೆಯವರವು, ನಂಬಿಕೆಯಿಂದ ಕೊಟ್ಟವು.