ಇಂಟರ್ನ್‌ಶಿಪ್: ಓದಿನ ಹಕ್ಕು ಎಲ್ಲಿಯವರೆಗೆ?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಂತೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಕಡ್ಡಾಯ. ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರಿನಂತಹ ಊರುಗಳಿಂದ ಬಂದು ಓದುವವರ ಪಾಡನ್ನು ವ್ಯವಸ್ಥೆ ಗಮನಿಸಿದಂತಿಲ್ಲ. ಅವಕಾಶಗಳು ಹೆಚ್ಚಾಗಿರುವುದು ಸುಮಾರು 200 ಕಿ.ಮೀ. ದೂರದ ಬೆಂಗಳೂರಿನಲ್ಲಿ. ಮನೆಯಿಂದ ಕಾಲೇಜಿಗೆಂದು ಪಡೆದ ಬಸ್ ಪಾಸು ಅಲ್ಲಿ ನಡೆಯದು; ಹಾಸ್ಟೆಲ್ಲಿನ ಊಟ, ವಸತಿ ಹಿಂದೆಯೇ ಉಳಿಯುತ್ತದೆ; ಕಾಲೇಜಿನ ಶುಲ್ಕ ಮಾತ್ರ ತಪ್ಪದು.

1961ರ ಅಪ್ರೆಂಟಿಸ್ ಕಾಯ್ದೆ ಈ ತ್ರಿಶಂಕು ಸ್ಥಿತಿಯನ್ನು ಅಂದೇ ಗ್ರಹಿಸಿತ್ತು. ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವರೇ ಹೊರತು ಕಾರ್ಮಿಕರಲ್ಲ ಎನ್ನುತ್ತದೆ ಅದರ 18ನೇ ಕಲಂ. ಹಾಗೆಂದು ಕಾಯ್ದೆ ಅವರ ಕೈಬಿಡುವುದಿಲ್ಲ. ಲಿಖಿತ ಒಪ್ಪಂದ, ಕನಿಷ್ಠ ಭತ್ಯೆ, ತರಬೇತಿಯ ವೇಳೆ ಗಾಯವಾದರೆ ಪರಿಹಾರ, ಈ ಮೂರಕ್ಕೂ ಅದರಲ್ಲಿ ಅವಕಾಶವಿದೆ. ಕಾಲೇಜಿನ ಶಿಫಾರಸು ಪತ್ರವೊಂದನ್ನೇ ಹಿಡಿದು ಹೋಗುವ ಇಂಟರ್ನ್‌ಗೆ, ಈ ಕಾಯ್ದೆಯಡಿ ಒಪ್ಪಂದವಿಲ್ಲದಿದ್ದರೆ, ಆ ರಕ್ಷಣೆ ದಕ್ಕದು.

ಭತ್ಯೆ ಕಡ್ಡಾಯ ಮಾಡಿದರೆ ಸಣ್ಣ ಉದ್ದಿಮೆಗಳು ಬಾಗಿಲು ಮುಚ್ಚಿಕೊಳ್ಳುತ್ತವೆ ಎಂಬ ವಾದವಿದೆ. ಅದನ್ನು ಪೂರ್ಣವಾಗಿ ಅಲ್ಲಗಳೆಯಲಾರೆ. ಆದರೆ ಕಾಲೇಜು, ಕಂಪನಿ, ವಿದ್ಯಾರ್ಥಿ ಮೂವರೂ ಸಹಿ ಮಾಡುವ ಒಪ್ಪಂದಕ್ಕೆ ಹಣ ಬೇಕಿಲ್ಲ. ತರಬೇತಿ ಮುಗಿಯುವವರೆಗೂ ಇವರು ನಮ್ಮ ವಿದ್ಯಾರ್ಥಿ ಎಂದು ಕಾಲೇಜು ಅದರಲ್ಲಿ ಬರೆದುಕೊಡಲಿ. ಆ ಪತ್ರದ ಆಧಾರದ ಮೇಲೆ ಸರ್ಕಾರ ಬೆಂಗಳೂರಿನಲ್ಲೂ ಪಾಸು, ಹಾಸ್ಟೆಲ್ ಸೌಲಭ್ಯ ಕೊಡಲಿ. ಅಪಘಾತ ವಿಮೆಯನ್ನು ವಿಶ್ವವಿದ್ಯಾಲಯವೇ ಮಾಡಿಸಲಿ.

ಪದವಿಗೆ ಕಡ್ಡಾಯವೆಂದ ಮೇಲೆ ಇಂಟರ್ನ್‌ಶಿಪ್ ಓದಿನದೇ ಭಾಗ. ಹಾಗಿದ್ದ ಮೇಲೆ ಓದುವವರ ಹಕ್ಕುಗಳು ಕಾಲೇಜಿನ ಗೇಟಿನಲ್ಲೇ ನಿಂತುಬಿಡುವುದು ನ್ಯಾಯವಲ್ಲ.